ಎಲ್ಲ ಹಸಿವೂ ದುರಾಸೆಯಲ್ಲ

ಮಾನ್ಯ ಸಂಪಾದಕರಿಗೆ,

ಇಂಗ್ಲಿಷ್ ಸುದ್ದಿ, ಲೇಖನಗಳನ್ನು ಕನ್ನಡಕ್ಕೆ ತರುವಾಗ ನಮ್ಮ ಪತ್ರಿಕೆಗಳು ‘ದುರಾಸೆ’ ಎಂಬ ಒಂದೇ ಪದದ ಮೇಲೆ ವಿಪರೀತ ಹೊರೆ ಹೇರುತ್ತಿವೆ. ಗ್ರೀಡಿ, ಅವರಿಷಸ್, ಕವಿಟಸ್, ರಪೇಷಸ್, ವೊರೇಷಸ್, ಇನ್‌ಸೇಷಬಲ್ ಎಂಬ ಗುಣವಾಚಕಗಳಲ್ಲಿ ಯಾವುದು ಎದುರಾದರೂ ‘ದುರಾಸೆಯ’ ಎಂದೋ ‘ಅತಿಯಾಸೆಯ’ ಎಂದೋ ಬರೆದು ಮುಂದಿನ ಸಾಲಿಗೆ ಹೋಗುವುದು ರೂಢಿಯಾಗಿಬಿಟ್ಟಿದೆ. ಹಲವು ವರ್ಷ ಇಂಗ್ಲಿಷ್ ಪಾಠ ಹೇಳಿ ಈಗ ಅನುವಾದದಲ್ಲಿ ತೊಡಗಿರುವ ನನಗೆ ಇದು ಬರೀ ಶೈಲಿಯ ಪ್ರಶ್ನೆಯಾಗಿ ಕಾಣುವುದಿಲ್ಲ. ಈ ಪದಗಳಲ್ಲಿ ಕೆಲವು ಒಬ್ಬರ ಮೇಲೆ ಆರೋಪ ಹೊರಿಸುತ್ತವೆ, ಕೆಲವು ಇರುವ ಸ್ಥಿತಿಯನ್ನಷ್ಟೇ ಹೇಳುತ್ತವೆ, ಒಂದೆರಡು ಹೊಗಳಿಕೆಗೂ ಒದಗುತ್ತವೆ. ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸಿದಾಗ ದೋಚಿದವನ ತಪ್ಪು ಹಗುರವಾಗುತ್ತದೆ, ಹಸಿದವನ ಮೇಲೆ ಇಲ್ಲದ ಕಳಂಕ ಬಂದು ಕೂರುತ್ತದೆ.

ಇವುಗಳಲ್ಲಿ ‘ಗ್ರೀಡಿ’ ಎಂಬುದು ಬಹಳ ಹಳೆಯ ಪದ, ವ್ಯಾಪ್ತಿಯೂ ದೊಡ್ಡದು. ಹಳೆ ಇಂಗ್ಲಿಷಿನ ಕಾಲದಿಂದಲೇ ಬಳಕೆಯಲ್ಲಿರುವ ಇದಕ್ಕೆ ಗಾಥಿಕ್ ಭಾಷೆಯಲ್ಲಿರುವ ಬಂಧುಪದದ ಅರ್ಥ ‘ಹಸಿದ’ ಎಂದು. ಸ್ವಾರಸ್ಯವೆಂದರೆ, ‘ಗ್ರೀಡ್’ ಎಂಬ ನಾಮಪದ ಮೊದಲು ಹುಟ್ಟಿ ಅದರಿಂದ ಗುಣವಾಚಕ ಬಂದದ್ದಲ್ಲ. ಗುಣವಾಚಕದ ಬಾಲವನ್ನು ಕತ್ತರಿಸಿ 17ನೇ ಶತಮಾನದ ಆರಂಭದ ಹೊತ್ತಿಗೆ ಆ ನಾಮಪದವನ್ನು ಮಾಡಿಕೊಂಡರು. ಊಟಕ್ಕೂ ಹಣಕ್ಕೂ ಅಧಿಕಾರಕ್ಕೂ ಹೊಂದುವ ಈ ಪದಕ್ಕೆ ‘ದುರಾಸೆಯ’ ಎಂದರೆ ನನ್ನ ತಕರಾರಿಲ್ಲ. ತಕರಾರಿರುವುದು ಇದರ ಪಕ್ಕದಲ್ಲಿ ನಿಂತ ಉಳಿದ ಪದಗಳ ಬಗ್ಗೆ.

ಮುಖ್ಯವಾಗಿ ‘ರಪೇಷಸ್’ ಮತ್ತು ‘ರ‍್ಯಾವೆನಸ್’ ಎಂಬ ಎರಡನ್ನು ಗಮನಿಸಬೇಕು. ಎರಡೂ ಕೊನೆಗೆ ಹೋಗಿ ಸೇರುವುದು ‘ಕಸಿದುಕೊಳ್ಳು’ ಎಂಬ ಅರ್ಥದ ಒಂದೇ ಲ್ಯಾಟಿನ್ ಧಾತುವಿಗೆ. ವೇಗವನ್ನು ಹೇಳುವ ‘ರ‍್ಯಾಪಿಡ್’, ಬೇಟೆಹಕ್ಕಿಗೆ ಬಳಸುವ ‘ರ‍್ಯಾಪ್ಟರ್’ ಎಂಬ ಪದಗಳೂ ಅದೇ ಬೇರಿನವು. ‘ರ‍್ಯಾವೆನಸ್’ ಪದಕ್ಕೂ ಕಾಗೆಯ ಜಾತಿಯ ‘ರೇವನ್’ ಹಕ್ಕಿಗೂ ನಂಟಿದೆಯೆಂದು ಹಲವರು ಭಾವಿಸುತ್ತಾರೆ. ಕಾಗುಣಿತದ ಹೋಲಿಕೆ ಆಕಸ್ಮಿಕವಷ್ಟೆ. ಅದು ಹಳೆ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ, ಮೊದಲಿಗೆ ಅದಕ್ಕೂ ಕೊಳ್ಳೆ ಹೊಡೆಯುವ ಸ್ವಭಾವದ ಎಂಬ ಅರ್ಥವೇ ಇತ್ತು. ಕಾಲ ಕಳೆದಂತೆ ಈ ಸೋದರರು ಬೇರೆ ಬೇರೆ ದಾರಿ ಹಿಡಿದರು. ಇಂದು ‘ರ‍್ಯಾವೆನಸ್’ ಎಂದರೆ ಹೊಟ್ಟೆ ಚುರುಗುಟ್ಟುವಷ್ಟು ಹಸಿದ ಎಂದರ್ಥ, ಅಷ್ಟೆ. ಆಟ ಮುಗಿಸಿ ಮನೆಗೆ ಓಡಿಬರುವ ಮಗು, ದಿನವಿಡೀ ದುಡಿದು ಬಂದ ಕೂಲಿಯಾಳು, ಉಪವಾಸದಿಂದ ಎದ್ದ ರೋಗಿ ಎಲ್ಲರೂ ರ‍್ಯಾವೆನಸ್ ಆಗಬಹುದು. ಊಟ ಮುಗಿದ ಕೂಡಲೇ ಆ ಪದ ಅವರಿಗೆ ಸಲ್ಲುವುದಿಲ್ಲ, ಅದರಲ್ಲಿ ನಿಂದೆಯ ಸೋಂಕೂ ಇಲ್ಲ. ‘ರಪೇಷಸ್’ ಮಾತ್ರ ಹಳೆಯ ಕಸಿಯುವಿಕೆಯನ್ನು ಬಿಡದೆ ಉಳಿಸಿಕೊಂಡಿದೆ. ಆಸೆ ಮನಸ್ಸಿನಲ್ಲೇ ಉಳಿದಿದ್ದರೆ ಅದು ಗ್ರೀಡಿ ಎನ್ನಿಸಿಕೊಳ್ಳಬಹುದು. ಇನ್ನೊಬ್ಬರ ಕೈಯಿಂದ ಬಲವಂತವಾಗಿಯೋ ದಯೆದಾಕ್ಷಿಣ್ಯವಿಲ್ಲದೆಯೋ ಕಿತ್ತುಕೊಳ್ಳಲು ಇಳಿದಾಗಲೇ ಅದು ರಪೇಷಸ್ ಆಗುತ್ತದೆ. ಗೆದ್ದ ನಾಡನ್ನು ಸೂರೆಗೈಯುವ ಸೈನ್ಯಕ್ಕೆ, ಸಾಲಗಾರನ ಕೊನೆಯ ತುಂಡು ಜಮೀನನ್ನೂ ಬಿಡದ ಬಡ್ಡಿವ್ಯಾಪಾರಿಗೆ ಈ ಪದ ಒಪ್ಪುತ್ತದೆ. ಅಂಥವನನ್ನು ‘ದುರಾಸೆಯ ಮನುಷ್ಯ’ ಎಂದು ಕರೆದರೆ ನಾವು ಹೇಳುವುದು ಅವನ ಸ್ವಭಾವವನ್ನು ಮಾತ್ರ. ಅವನು ಮಾಡಿದ ಕೃತ್ಯ ಮರೆಯಾಗುತ್ತದೆ. ‘ಸುಲಿಗೆಕೋರ’, ‘ದೋಚುವ’, ‘ಕಬಳಿಸುವ’ ಎಂಬ ಸೊಗಸಾದ ಪದಗಳು ನಮ್ಮಲ್ಲಿ ಇರುವಾಗ ಈ ಬಡತನವೇಕೆ?

‘ವೊರೇಷಸ್’ ಎಂಬ ಪದ ನುಂಗುವುದನ್ನು ಹೇಳುತ್ತದೆ. ಮಾಂಸಾಹಾರಿ, ಸಸ್ಯಾಹಾರಿ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ಕಾರ್ನಿವೋರಸ್’, ‘ಹರ್ಬಿವೋರಸ್’ ಪದಗಳ ಕೊನೆಯಲ್ಲಿ ಇರುವುದೂ ಅದೇ ಧಾತು. ಎಷ್ಟು ಒಳಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ ಎಂಬುದು ಇದರ ಕಾಳಜಿ. ಯಾರಿಂದ ಕಿತ್ತುಕೊಂಡದ್ದು ಎಂಬುದಲ್ಲ. ಆದ್ದರಿಂದಲೇ ‘ವೊರೇಷಸ್ ರೀಡರ್’ ಎಂಬುದು ಮೆಚ್ಚುಗೆಯ ಮಾತು. ಒಬ್ಬ ವಿದ್ವಾಂಸರ ಪರಿಚಯ ಲೇಖನದಲ್ಲಿ ಇದು ‘ಓದಿನ ದುರಾಸೆಯುಳ್ಳವರು’ ಎಂದು ಅಚ್ಚಾಗಿದ್ದನ್ನು ಕಂಡು ನಾನು ನಿಜಕ್ಕೂ ನೊಂದುಕೊಂಡೆ. ‘ಸಿಕ್ಕಿದ್ದನ್ನೆಲ್ಲ ಓದಿ ಮುಗಿಸುವವರು’ ಎಂದಿದ್ದರೆ ಸಾಕಾಗಿತ್ತು. ‘ಇನ್‌ಸೇಷಬಲ್’ ಪದವೂ ತಾನಾಗಿ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಹೇಳುವುದಿಲ್ಲ. ‘ಸಾಕು’ ಎಂಬರ್ಥದ ಲ್ಯಾಟಿನ್ ಪದ ಅದರ ಒಳಗಿದೆ. ಆ ‘ಸಾಕು’ ಎಂದೂ ಬಾರದ ಸ್ಥಿತಿ ಅದು, ಕುತೂಹಲಕ್ಕೂ ಹೊಂದುತ್ತದೆ, ಕ್ರೌರ್ಯಕ್ಕೂ ಹೊಂದುತ್ತದೆ. ನಮ್ಮ ‘ತಣಿಯದ’, ‘ಹಿಂಗದ’ ಎಂಬ ಪದಗಳು ಇದಕ್ಕೆ ಅಚ್ಚುಕಟ್ಟಾಗಿ ಕೂಡುತ್ತವೆ. ಪ್ರಾಸಂಗಿಕವಾಗಿ ಹೇಳುವುದಾದರೆ, ದುಃಖವನ್ನು ಸೂಚಿಸುವ ‘ಸ್ಯಾಡ್’ ಎಂಬ ಇಂಗ್ಲಿಷ್ ಪದ ಆ ಲ್ಯಾಟಿನ್ ಪದದ ದೂರದ ನಂಟಿನದು, ಹಳೆ ಇಂಗ್ಲಿಷಿನಲ್ಲಿ ಅದಕ್ಕೆ ‘ಹೊಟ್ಟೆ ತುಂಬಿದ’ ಎಂಬ ಅರ್ಥವಿತ್ತು. ತುಂಬಿದ್ದು ಭಾರವಾಗಿ, ಭಾರವಾದದ್ದು ಬೇಸರವಾಗಿ ಬದಲಾದ ಆ ಪಯಣವನ್ನು ನೆನೆದಾಗಲೆಲ್ಲ ನನಗೆ ಅಚ್ಚರಿಯಾಗುತ್ತದೆ.

ಹಣದ ವಿಷಯಕ್ಕೆ ಬಂದರೆ ‘ಅವರಿಷಸ್’ ಎಂಬುದು ಸಂಪತ್ತಿಗೆ ಮೀಸಲಾದ ಪದ. ಅನ್ನದ ಆಸೆಗೆ ಅದನ್ನು ಬಳಸುವಂತಿಲ್ಲ. ಕ್ರೈಸ್ತ ಸಂಪ್ರದಾಯದ ಏಳು ಮಹಾಪಾಪಗಳ ಪಟ್ಟಿಯಲ್ಲಿ ಧನಲೋಭ ಒಂದು ಪಾಪ, ಹೊಟ್ಟೆಬಾಕತನ ಇನ್ನೊಂದು ಪಾಪ. ಧನಲೋಭಿಯೂ ಜಿಪುಣನೂ ಒಬ್ಬನೇ ಆಗಬೇಕೆಂದಿಲ್ಲ: ಮೊದಲಿನವನಿಗೆ ಕೂಡಿಹಾಕುವ ತವಕ, ಎರಡನೆಯವನಿಗೆ ಖರ್ಚಿನ ಭಯ. ನೀರಿನಂತೆ ಹಣ ಚೆಲ್ಲುತ್ತಲೇ ಇನ್ನಷ್ಟಕ್ಕೆ ಬಾಯಿಬಿಡುವವರನ್ನು ನಾವೆಲ್ಲ ಕಂಡಿದ್ದೇವೆ. ‘ಕವಿಟಸ್’ ಎಂಬುದರ ದೃಷ್ಟಿಯಂತೂ ಸದಾ ನೆರೆಯವನ ಸ್ವತ್ತಿನ ಮೇಲೆ. ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ಕೊನೆಯದು ನೆರೆಯವನ ಮನೆ, ಎತ್ತು, ಕತ್ತೆಗಳನ್ನು ಆಶಿಸಬೇಡ ಎನ್ನುವಾಗ ಇಂಗ್ಲಿಷ್ ಬೈಬಲ್ ಬಳಸುವ ಕ್ರಿಯಾಪದ ಈ ಗುಣವಾಚಕದ ಜೊತೆಗಾರನೇ. ಇದು ಹೊಟ್ಟೆಕಿಚ್ಚೂ ಅಲ್ಲ. ಹೊಟ್ಟೆಕಿಚ್ಚಿನವನಿಗೆ ಇನ್ನೊಬ್ಬನ ಬಳಿ ಅದು ಇರುವುದೇ ಸಂಕಟ, ಕವಿಟಸ್ ಆದವನಿಗೆ ಅದು ತನ್ನದಾಗಬೇಕು. ‘ಪರರ ಸ್ವತ್ತಿಗೆ ಕಣ್ಣು ಹಾಕುವ’ ಎಂದರೆ ಇದರ ಮರ್ಮ ಪೂರ್ತಿಯಾಗಿ ಬರುತ್ತದೆ.

‘ಗ್ಲಟನಸ್’ ಪದದಲ್ಲಿ ಹೆಚ್ಚು ತೊಡಕಿಲ್ಲ. ಹೊಟ್ಟೆ ತುಂಬಿದ ಮೇಲೂ ತಿನ್ನುವವನಿಗೆ ‘ಹೊಟ್ಟೆಬಾಕ’ ಎಂಬ ಪದ ನಮ್ಮಲ್ಲಿ ಮೊದಲೇ ಸಿದ್ಧವಿದೆ. ಆದರೆ ಹಣಕಾಸು ಪುಟಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಪತ್ರ ಅಪೂರ್ಣವಾಗುತ್ತದೆ. ಬ್ಯಾಂಕುಗಳು, ಹೂಡಿಕೆ ಸಂಸ್ಥೆಗಳು ‘ರಿಸ್ಕ್ ಅಪೆಟೈಟ್’ ಎನ್ನುವಾಗ ತಮ್ಮ ಗುರಿಗಾಗಿ ಎಷ್ಟು ಅಪಾಯವನ್ನು ಹೊರಲು ಸಿದ್ಧ ಎಂಬ ಲೆಕ್ಕಾಚಾರದ ಮಿತಿಯನ್ನು ಹೇಳುತ್ತವೆ. ಅದನ್ನು ‘ಅಪಾಯದ ಹಸಿವು’ ಎಂದು ಬರೆದರೆ, ಎಚ್ಚರಿಕೆಯಿಂದ ಹಾಕಿಕೊಂಡ ಮಿತಿಯೇ ಓದುಗರಿಗೆ ಹುಚ್ಚು ಸಾಹಸದಂತೆ ತೋರುತ್ತದೆ. ‘ಅಪಾಯ ಹೊರುವ ಸಿದ್ಧತೆ’ ಎಂಬುದು ನೀರಸವಾಗಿದ್ದರೂ ನಿಜವಾದ ಅರ್ಥವನ್ನು ಕೊಡುತ್ತದೆ.

ಸುದ್ದಿಮನೆಯಲ್ಲಿ ಸಮಯದ ಒತ್ತಡ ಎಷ್ಟಿರುತ್ತದೆಂದು ಬಲ್ಲೆ. ಹಾಗಿದ್ದರೂ, ತಮ್ಮ ಅನುವಾದ ವಿಭಾಗದವರು ಇಂಥ ಗುಣವಾಚಕ ಎದುರಾದಾಗ ನಿಘಂಟಿನ ಮೊದಲ ಅರ್ಥಕ್ಕೆ ಕೈಹಾಕುವ ಮುನ್ನ, ಅದು ಯಾರ ಬಗ್ಗೆ ಹೇಳಿದ್ದು, ಹಸಿವನ್ನು ಹೇಳುತ್ತಿದೆಯೋ ಕೂಡಿಹಾಕುವುದನ್ನೋ ಕಿತ್ತುಕೊಳ್ಳುವುದನ್ನೋ ಎಂದು ಒಂದು ಕ್ಷಣ ನೋಡಲಿ ಎಂಬುದು ನನ್ನ ವಿನಂತಿ. ಶೀರ್ಷಿಕೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಆ ಒಂದು ಪದವನ್ನು ತಿದ್ದಿಕೊಳ್ಳಲು ಓದುಗರಿಗೆ ಹಿಂದೆಮುಂದಿನ ವಾಕ್ಯಗಳ ಆಸರೆ ಇರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇಂಗ್ಲಿಷ್ ಅಧ್ಯಾಪಕ