ನಿಂತ ಕಣ ಒಡೆದರೆ ಚೂರುಗಳು ಕಂಡಕಂಡಲ್ಲಿ ಹಾರುವುದಿಲ್ಲ

ಮಾನ್ಯರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಪಯಾನ್ ಎಂಬ, ಹುಟ್ಟಿದ ಕ್ಷಣದಲ್ಲೇ ಒಡೆದುಹೋಗುವ ಅತಿಸಣ್ಣ ಕಣದ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಇಂಥ ವಿಷಯಕ್ಕೂ ಅರ್ಧ ಪುಟ ಕೊಟ್ಟಿದ್ದೀರಿ, ಖುಷಿಯಾಯಿತು. ಆದರೆ ಜೊತೆಗಿದ್ದ ಚಿತ್ರ ನೋಡಿದ ಮೇಲೆ ಕೈ ಸುಮ್ನೆ ಇರಲಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರದ ಉತ್ತರಪತ್ರಿಕೆ ತಿದ್ದಿದ ಚಾಳಿ, ಕೆಂಪು ಪೆನ್ ಹುಡುಕಿತು.

ಚಿತ್ರದಲ್ಲಿ ಪಯಾನ್‌ನಿಂದ ಹೊರಟ ಎರಡೂ ಕಣಗಳು ಬಲಗಡೆಗೇ ಹೋಗುತ್ತಿವೆ, ಬಾಯಿ ತೆರೆದ ಕತ್ತರಿಯ ಹಾಗೆ. ಪಯಾನ್ ಜೋರಾಗಿ ಓಡುತ್ತಿದ್ದರೆ ಒಪ್ಪಬಹುದಿತ್ತು. ಕೆಳಗೆ ‘ನಿಂತಿರುವ ಪಯಾನ್’ ಎಂದೇ ಅಚ್ಚಾಗಿದೆಯಲ್ಲ! ಒಡೆಯುವ ಮೊದಲು ಸಂವೇಗ ಸೊನ್ನೆ, ಒಡೆದ ಮೇಲೂ ಸೊನ್ನೆ. ಚೂರು ಎರಡೇ ಇದ್ದರೆ ಒಂದು ಆ ಕಡೆ, ಇನ್ನೊಂದು ಅದಕ್ಕೆ ನೇರ ಎದುರು ಕಡೆ.

‘ಚೂರುಗಳ ದಿಕ್ಕು ಬರೀ ಅದೃಷ್ಟ’ ಎಂಬ ಮಾತೂ ಇದೆ. ಆ ಎದುರುಬದುರು ಗೆರೆ ಯಾವ ಕಡೆಗೆ ಬೀಳುತ್ತದೆ ಎಂಬುದರಲ್ಲಿ, ಪಯಾನ್ ಮಟ್ಟಿಗೆ ಸರಿ. ಅದರ ಸ್ಪಿನ್ (ಕಣಕ್ಕೆ ಹುಟ್ಟಿನಿಂದಲೇ ಇರುವ, ದಿಕ್ಕುಳ್ಳ ಒಂದು ಬಗೆಯ ತಿರುಗಾಟ) ಸೊನ್ನೆ, ಅದಕ್ಕೆ ಎಲ್ಲ ದಿಕ್ಕೂ ಒಂದೇ. ಸ್ಪಿನ್ ಇರುವವುಗಳ ಕಥೆ ಬೇರೆ. 1957ರಲ್ಲಿ ಪ್ರಕಟವಾದ ಭೌತವಿಜ್ಞಾನಿ ಚಿಯನ್-ಶಿಯುಂಗ್ ವೂ ಅವರ ಪ್ರಯೋಗದಲ್ಲಿ ವಿಕಿರಣಶೀಲ ಕೋಬಾಲ್ಟ್-60 ಅನ್ನು ವಿಪರೀತ ತಣ್ಣಗೆ ಮಾಡಿ, ನ್ಯೂಕ್ಲಿಯಸ್‌ಗಳ ಸ್ಪಿನ್ ಒಂದೇ ಕಡೆಗೆ ತಿರುಗಿಸಿದ್ದರು. ಅವು ಒಡೆದಾಗ ಹೊರಬಿದ್ದ ಎಲೆಕ್ಟ್ರಾನ್‌ಗಳು ಆ ಸ್ಪಿನ್‌ಗೆ ಎದುರು ದಿಕ್ಕಿನಲ್ಲೇ ಜಾಸ್ತಿ ಹೊರಟವು.

ನಿಜವಾದ ಸ್ವಾರಸ್ಯವನ್ನು ಮಾತ್ರ ಬರಹ ಮುಟ್ಟಲೇ ಇಲ್ಲ. ಧನ ವಿದ್ಯುದಾವೇಶದ ಪಯಾನ್ ಒಡೆದಾಗ ಸಾಮಾನ್ಯವಾಗಿ ಹೊರಡುವುದು ಮ್ಯೂಯಾನ್ (ಎಲೆಕ್ಟ್ರಾನಿನ ಜಾತಿಯದೇ ಭಾರದ ಕಣ), ಅಪರೂಪಕ್ಕೆ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ). ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಮೇಡಂ, ಪಾಸಿಟ್ರಾನ್ ಅಷ್ಟು ಹಗುರ. ಧನ ಪಯಾನ್ ಅದನ್ನು ಬಿಟ್ಟು ಭಾರದ ಮ್ಯೂಯಾನನ್ನೇ ಯಾಕೆ ಹೊರಹಾಕುತ್ತದೆ?’ ನಾಳೆ ಹೇಳುತ್ತೇನೆ ಎಂದೆ. ಹೇಳಲು ವಾರ ಹಿಡಿಯಿತು.

ಉತ್ತರ ಸ್ಪಿನ್‌ನಲ್ಲಿದೆ. ಎರಡರಲ್ಲಿ ಯಾವುದು ಹೊರಟರೂ ಜೊತೆಗೆ ಹುಟ್ಟುವ, ಭಾರ ಇಲ್ಲವೆನ್ನುವಷ್ಟು ಕಡಿಮೆ ಇರುವ ನ್ಯೂಟ್ರಿನೋ ಕಣದ ಸ್ಪಿನ್ ಯಾವಾಗಲೂ ಅದು ಓಡುವ ದಿಕ್ಕಿಗೆ ವಿರುದ್ಧ. ಒಟ್ಟು ಲೆಕ್ಕ ಸೊನ್ನೆಯಾಗಬೇಕಾದ್ದರಿಂದ ಎದುರು ಹೋಗುವ ಕಣದ ಸ್ಪಿನ್ ಕೂಡ ಅದರ ಓಟಕ್ಕೆ ವಿರುದ್ಧವೇ ಆಗಬೇಕು. ಆದರೆ ಇಲ್ಲಿ ಹುಟ್ಟುವುದು, ಮ್ಯೂಯಾನ್ ಆಗಲಿ ಪಾಸಿಟ್ರಾನ್ ಆಗಲಿ, ಪ್ರತಿಕಣ (ಮಾಮೂಲಿ ಕಣದ ಎದುರು ವಿದ್ಯುದಾವೇಶದ ಜೋಡಿ). ಈ ಬಗೆಯ ಒಡೆತದಲ್ಲಿ ಅದಕ್ಕೆ ಒಗ್ಗುವುದು ಓಡುವ ಕಡೆಗೇ ಇರುವ ಸ್ಪಿನ್. ಬೆಳಕಿನ ವೇಗಕ್ಕೆ ಹತ್ತಿರವಾದಷ್ಟೂ ಆ ಹಟ ಜಾಸ್ತಿ. ಮ್ಯೂಯಾನ್ ಹೊರಡುವುದು ಬೆಳಕಿನ ವೇಗದ ಕಾಲು ಭಾಗಕ್ಕಿಂತ ತುಸು ಜಾಸ್ತಿ ವೇಗದಲ್ಲಿ, ಹೇಗೋ ಹೊಂದಿಕೊಳ್ಳುತ್ತದೆ. ಪಾಸಿಟ್ರಾನ್ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಹೊರಡಬೇಕು, ಹೊಂದುವುದೇ ಇಲ್ಲ ಎನ್ನಬಹುದು. ಹಾಗಾಗಿ ಸುಮಾರು 8,000 ಪಯಾನ್‌ಗಳಲ್ಲಿ ಒಂದು ಮಾತ್ರ ಪಾಸಿಟ್ರಾನ್ ಕೊಡುತ್ತದೆ. ಹಗುರವಾಗಿರುವುದೇ ಇಲ್ಲಿ ಅಡ್ಡಿ! ಇದನ್ನು ಬೋರ್ಡಿನ ಮೇಲೆ ಬರೆಯುವಾಗ ನಾನೂ ಒಂದು ಬಾಣ ತಿರುಗಾಮುರುಗಾ ಹಾಕಿದ್ದೆ. ತಿದ್ದಿದವಳೂ ಅವಳೇ.

ಚಿತ್ರವನ್ನು ಮತ್ತೆ ಹಾಕುವುದಾದರೆ ಎರಡು ಬಾಣಗಳೂ ಒಂದೇ ಗೆರೆಯ ಮೇಲೆ, ಎದುರುಬದುರಾಗಿ ಇರಲಿ. ಬಾಣ ಸಂವೇಗದ್ದಾದರೆ ಉದ್ದ ಒಂದೇ. ವೇಗದ್ದಾದರೆ ನ್ಯೂಟ್ರಿನೋದ ಬಾಣ ಮ್ಯೂಯಾನಿನದ್ದಕ್ಕಿಂತ ಮೂರೂವರೆ ಪಟ್ಟಿಗೂ ಜಾಸ್ತಿ ಉದ್ದ ಬರಬೇಕು. ಯಾವುದೆಂದು ಕೆಳಗೆ ಬರೆಯಲು ಚಿತ್ರಕಾರರಿಗೆ ಹೇಳಿ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ