ಭಾನುವಾರದ ಅಭ್ಯಾಸ: ಸದಸ್ಯರ ಗಮನಕ್ಕೆ

ಗೆಳೆಯರೇ, ಈ ಭಾನುವಾರ ಬೆಳಿಗ್ಗೆ 10ಕ್ಕೆ ತುಮಕೂರಿನ ಎಸ್.ಎಸ್. ಪುರಂನ ನಮ್ಮ ಮಹಡಿ ಕೋಣೆಯಲ್ಲಿ ಹಾರ್ತ್‌ಸ್ಟೋನ್ ಎಂಬ ಆನ್‌ಲೈನ್ ಕಾರ್ಡ್ ಆಟದ ಅಭ್ಯಾಸವಿದೆ. 30 ಕಾರ್ಡುಗಳ ಡೆಕ್ ಅನ್ನು ಮನೆಯಲ್ಲೇ ಸಿದ್ಧಪಡಿಸಿಕೊಂಡು ಬನ್ನಿ. ಹೋದ ವಾರ ಅದಕ್ಕೇ ಒಂದು ಗಂಟೆ ಹಾಳಾಯಿತು.

ಇದನ್ನೇ ನಂಬಿ ಬದುಕಬಹುದೇ ಎಂದು ಮೂವರು ಕೇಳಿದ್ದೀರಿ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತೀರ್ಥ್ ಮೆಹ್ತಾ ಇದೇ ಆಟದಲ್ಲಿ ಕಂಚು ಗೆದ್ದರು, ನಿಜ. ಆದರೆ ಅದು ಪ್ರದರ್ಶನ ಸ್ಪರ್ಧೆ, ಪದಕ ಪಟ್ಟಿಗೆ ಸೇರಲಿಲ್ಲ. ಇನ್ನು ಆಡುವುದನ್ನು ಯೂಟ್ಯೂಬ್‌ನಲ್ಲಿ ತೋರಿಸಿ ದುಡಿಯೋಣವೆಂದರೆ, ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಎರಡು ವರ್ಷ ದುಡಿದ ನನ್ನ ಚಾನೆಲ್‌ಗೆ 312 ಚಂದಾದಾರರು, ಅಮ್ಮನನ್ನೂ ಸೇರಿಸಿ. ಸದ್ಯಕ್ಕೆ ಕೆಲಸ, ಕಾಲೇಜು ಯಾರೂ ಬಿಡಬೇಡಿ.

ಆಡುವಾಗ ಬಾಯಿಬಿಟ್ಟು ಯೋಚಿಸುವುದನ್ನು ಈ ಸಲ ರೂಢಿಸಿಕೊಳ್ಳೋಣ. ಮೊನ್ನೆ ನೇರಪ್ರಸಾರದಲ್ಲಿ ಯಾವ ಕಾರ್ಡ್ ಇಳಿಸುವುದೆಂದು ತೋಚದೆ ನಾನು ಒಂದು ನಿಮಿಷ ಮೂಕನಂತೆ ಕುಳಿತೆ. ಹನ್ನೊಂದು ವೀಕ್ಷಕರಲ್ಲಿ ಉಳಿದವರು ನಾಲ್ವರು. ಆ ಆಟ ಗೆದ್ದೆ, ನೋಡಲು ಜನರಿರಲಿಲ್ಲ!

ಹಣ ಕಟ್ಟಿ ಆಡುವ ರಮ್ಮಿ ಆ್ಯಪ್‌ಗಳ ಕೊಂಡಿಯನ್ನು ಇಲ್ಲಿ ಹಾಕಬೇಡಿ. 2025ರ ಕೇಂದ್ರ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿದೆ. ಹಾಕಿದವರನ್ನು ಗುಂಪಿನಿಂದ ತೆಗೆಯುತ್ತೇನೆ.

ಕ್ಯಾತ್ಸಂದ್ರದ ಕಡೆಯಿಂದ ಬರುವವರು ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬನ್ನಿ, ದುಡ್ಡು ಹಂಚಿಕೊಳ್ಳೋಣ.