ಅಮ್ಮನಿಗೆ, ಮ್ಯಾಂಚೆಸ್ಟರಿನಿಂದ

ಮ್ಯಾಂಚೆಸ್ಟರ್, ನವೆಂಬರ್ 16

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ಪಾರ್ಸೆಲ್ ತಲುಪಿತು. ಚಟ್ನಿಪುಡಿ ಒಂಚೂರೂ ಚೆಲ್ಲಿಲ್ಲ. ಇಲ್ಲೀಗ ನಾಲ್ಕೂವರೆಗೆಲ್ಲ ಕತ್ತಲು. ನಾನು ಚೆನ್ನಾಗಿದ್ದೇನೆ.

"ಅಲ್ಲಿ ದಿನಾ ಏನು ಮಾಡ್ತೀಯ, ಯಾರಾದ್ರೂ ಕೇಳಿದ್ರೆ ಏನು ಹೇಳಲಿ" ಅಂತ ಮೊನ್ನೆ ಕೇಳಿದೆಯಲ್ಲ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ ನನ್ನ ಹತ್ತಿರ ಒಂದು ಗಾಜಿನ ಪೆಟ್ಟಿಗೆ ಇದೆ. ಎತ್ತರ 15 ಸೆಂಟಿಮೀಟರ್, ಗೇಣಿಗಿಂತ ಚಿಕ್ಕದು. ಒಳಗೆ ಬರೀ ನೀರು. ತಳದ ತಾಮ್ರದ ತಟ್ಟೆಯನ್ನು ಬಿಸಿ ಮಾಡುತ್ತೇವೆ, ಮೇಲಿನದನ್ನು ತಣ್ಣಗಿಡುತ್ತೇವೆ. ಬಿಸಿ ನೀರು ಹಗುರಾಗಿ ಏಳುತ್ತದೆ, ತಣ್ಣೀರು ಇಳಿಯುತ್ತದೆ. ನೀನು ಎಸರಿಟ್ಟಾಗ ಆಗುವುದೂ ಇದೇ. ಆದರೆ ಪಾತ್ರೆಯಲ್ಲಿ ಅದು ಕಾಣುವುದಿಲ್ಲ, ಅಲ್ವಾ? ನಾವು ನೀರಿಗೆ ಲಿಕ್ವಿಡ್ ಕ್ರಿಸ್ಟಲ್ ಅನ್ನುವ ಪುಟ್ಟ ಕಣಗಳನ್ನು ಬೆರೆಸುತ್ತೇವೆ. ತಣ್ಣಗಿದ್ದಲ್ಲಿ ಅವು ಕೆಂಪು, ಬೆಚ್ಚಗಾದರೆ ಹಸಿರು, ಇನ್ನೂ ಬಿಸಿಯಾದರೆ ನೀಲಿ. ಕತ್ತಲೆ ಕೋಣೆಯಲ್ಲಿ ಬೆಳಕು ಹಾಯಿಸಿದರೆ ತಳದಿಂದ ನೀಲಿ ಅಣಬೆಗಳು ಏಳುತ್ತವೆ. ತೆಳ್ಳನೆ ಕಾಂಡ, ಬಿಚ್ಚಿದ ಕೊಡೆಯಂಥ ತಲೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಇನ್ನೊಂದು ವಿಷಯ ಕೇಳು. ಪೆಟ್ಟಿಗೆಯ ನಡುಭಾಗವೆಲ್ಲ ಹೆಚ್ಚುಕಡಿಮೆ ಒಂದೇ ಬಿಸಿ. ವ್ಯತ್ಯಾಸ ಇರುವುದೆಲ್ಲ ತಟ್ಟೆಗೆ ಅಂಟಿಕೊಂಡ ಒಂದೆರಡು ಮಿಲಿಮೀಟರ್ ಪದರದಲ್ಲಿ. ಅಲ್ಲಿ ನೀರಿನ ಓಡಾಟ ಕಡಿಮೆ. ಎಷ್ಟು ಶಾಖ ದಾಟಬೇಕು ಅನ್ನುವುದು ಆ ಪದರದ ಕೈಯಲ್ಲಿದೆ. ಅದನ್ನು ಅಳೆಯುವುದೇ ನನ್ನ ಕೆಲಸ.

ಹೆಸರುಬೇಳೆ ಪಾಯಸ ತಿರುವದೆ ಬಿಟ್ಟರೆ ತಳ ಹಿಡಿಯುತ್ತದಲ್ಲ? ಗಟ್ಟಿಯಾದದ್ದು ತಾನಾಗಿ ಏಳಲಾರದು, ಬಿಸಿ ತಳದಲ್ಲೇ ನಿಲ್ಲುತ್ತದೆ. 1916ರಲ್ಲಿ ಲಾರ್ಡ್ ರೇಲಿ ಅನ್ನುವ ಇಂಗ್ಲಿಷ್ ವಿಜ್ಞಾನಿ ಇದಕ್ಕೊಂದು ಲೆಕ್ಕ ಕಟ್ಟಿದರು. ದ್ರವದ ಆಳ, ಬಿಸಿಯ ವ್ಯತ್ಯಾಸ, ಅದು ಎಷ್ಟು ಮಂದ, ಎಲ್ಲ ಸೇರಿ ಒಂದೇ ಸಂಖ್ಯೆ. ಮೇಲೂ ಕೆಳಗೂ ತಟ್ಟೆ ಇದ್ದರೆ ಅದು 1708 ದಾಟುವ ತನಕ ನೀರು ಕದಲುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಅದು ಸುಮಾರು 30 ಕೋಟಿ.

ಹೋದ ತಿಂಗಳು ಮೂರು ವಾರದ ಅಳತೆ ಹಾಳಾಯಿತು. ಆಗ ನಿನಗೆ ಹೇಳಲಿಲ್ಲ. ನೀರನ್ನು ಕುದಿಸದೇ ತುಂಬಿಸಿದ್ದೆ. ಅದರಲ್ಲಿ ಕರಗಿದ್ದ ಗಾಳಿ ಬಿಸಿಗೆ ಹೊರಬಂದು ಮೇಲಿನ ತಟ್ಟೆಯ ಅಡಿಗೆ ಗುಳ್ಳೆಯಾಗಿ ಕೂತಿತ್ತು. ಗುಳ್ಳೆ ಇದ್ದಲ್ಲಿ ಶಾಖ ಸರಿಯಾಗಿ ದಾಟುವುದಿಲ್ಲ. ಅವತ್ತು ರೂಮಿಗೆ ಬಂದು ಅತ್ತುಬಿಟ್ಟೆ. ಆಮೇಲೆ ನಿನ್ನ ಎಸರು ನೆನಪಾಯಿತು. ಕುದಿಯುವ ಮೊದಲೇ ಪಾತ್ರೆಯ ಬದಿಗೆ ಸಾಲಾಗಿ ಅಂಟುವ ಗುಳ್ಳೆಗಳೂ ಅದೇ ಗಾಳಿ. ಈಗ ಮೊದಲು ಕುದಿಸಿ, ಆರಿಸಿ, ನಿಧಾನಕ್ಕೆ ತುಂಬಿಸುತ್ತೇನೆ. ಎಂಟು ದಿನದಿಂದ ಅಳತೆ ಸರಿಯಾಗಿ ಬರುತ್ತಿದೆ.

ಅಪ್ಪನಿಗೂ ಒಂದು ಮಾತು ಹೇಳು. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅನ್ನುವ ಪ್ರೊಫೆಸರ್ ಇದೇ ಊರಿನಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು ನೋಡಿದರು. ನೀರು ನಿಧಾನವಾಗಿದ್ದಾಗ ಎಳೆ ನೆಟ್ಟಗೆ ಹೋಯಿತು, ರಭಸ ಹೆಚ್ಚಿದಾಗ ಚದುರಿ ಕಲಸಿಹೋಯಿತು. ಆ ಸಾಧನ ಇನ್ನೂ ಇಲ್ಲೇ ಇದೆ. ತೋಟದ ಪೈಪಿನಲ್ಲಿ ಆಗುವುದೂ ಅದೇ ಲೆಕ್ಕ.

ನಾಳೆ ಟೀಗೆ ನೀರಿಟ್ಟಾಗ ಚಿಟಿಕೆ ಪುಡಿಯನ್ನು ಮೊದಲೇ ಹಾಕು. ಕುದಿಯುವ ಮೊದಲು ಸುಮ್ನೆ ನಿಂತು ನೋಡು. ಪುಡಿ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ, ಭಾನುವಾರ ಫೋನಿನಲ್ಲಿ ಹೇಳು.

ನಿನ್ನ ಮಗಳು